ಬಾಂಡ್ ಫಂಡು: ಸಾಲ ಕೊಡುವವರು ನಾವು

ಬ್ಯಾಂಕಿನ ಠೇವಣಿಗಿಂತ ನೂರಕ್ಕೆ ಒಂದೆರಡು ರೂಪಾಯಿ ಹೆಚ್ಚು ಸಿಗುತ್ತದೆ, ಷೇರಿನಂತೆ ಏರಿಳಿತವೂ ಇಲ್ಲ, ಬಾಂಡ್ ಫಂಡಿನಲ್ಲಿ ಹಾಕಿರಿ ಎಂಬ ಮಾತು ಪುತ್ತೂರು, ಸುಳ್ಯ, ಕಡಬದ ಪೇಟೆಗಳನ್ನೂ ತಲುಪಿದೆ. ಗೇರುಬೀಜದ ಕಾರ್ಖಾನೆಯಲ್ಲಿ ದುಡಿದು ಗ್ರಾಚ್ಯುಟಿ ಪಡೆದವರು, ವರ್ಷವಿಡೀ ಅಂಗಡಿಯಲ್ಲಿ ಕುಳಿತು ಎರಡು ಕಾಸು ಉಳಿಸಿದವರು ಈ ಮಾತನ್ನು ಸ್ವಲ್ಪ ತೂಗಿ ನೋಡಬೇಕೆಂದು ನಮ್ಮ ಅಭಿಪ್ರಾಯ.

ಬಾಂಡ್ ಎಂದರೆ ಸಾಲಪತ್ರ. ಫಂಡಿಗೆ ಹಣ ಹಾಕಿದ ದಿನ ನಾವು ಸರಕಾರಕ್ಕೋ ಕಂಪೆನಿಗೋ ಸಾಲ ಕೊಟ್ಟವರಾದೆವು. ಸಾಲದ ವಿಚಾರವನ್ನು ಪುತ್ತೂರಿನವರಿಗೆ ಯಾರೂ ಕಲಿಸಬೇಕಾಗಿಲ್ಲ. ಮೊಳಹಳ್ಳಿ ಶಿವರಾಯರು ಸಹಕಾರಿ ಸಂಘ ಕಟ್ಟಿದ್ದು 1909ರಲ್ಲಿ, ಇದೇ ಊರಿನಲ್ಲಿ. ಸಂಘದ ಮಹಾಸಭೆಯಲ್ಲಿ ಸಾಲ ಪಡೆದವನೂ ಠೇವಣಿ ಇಟ್ಟವನೂ ಒಂದೇ ಬೆಂಚಿನಲ್ಲಿ ಕೂರುತ್ತಾರೆ; ಯಾರ ತೋಟಕ್ಕೆ ಕೊಳೆರೋಗ ಬಂದಿದೆಯೆಂಬುದು ಎಲ್ಲರಿಗೂ ಗೊತ್ತು. ಬಾಂಡ್ ಫಂಡಿನಲ್ಲಿ ಸಾಲಗಾರನ ಮುಖ ನಮಗೆ ಕಾಣುವುದಿಲ್ಲ. ಅವನನ್ನು ಆರಿಸುವವರು ಮುಂಬಯಿಯಲ್ಲಿದ್ದಾರೆ. ನಮಗೆ ಲಾಭವಾಗಲಿ ನಷ್ಟವಾಗಲಿ, ಅವರ ಶುಲ್ಕ ಮಾತ್ರ ತಪ್ಪದೆ ಮುರಿದುಕೊಳ್ಳಲ್ಪಡುತ್ತದೆ.

2020ರ ಏಪ್ರಿಲ್ 23ರಂದು ಫ್ರಾಂಕ್ಲಿನ್ ಟೆಂಪಲ್ಟನ್ ಸಂಸ್ಥೆ ತನ್ನ ಆರು ಸಾಲಪತ್ರ ಫಂಡುಗಳ ಬಾಗಿಲು ಹಾಕಿತು. ಒಳಗಿದ್ದುದು ಸುಮಾರು 25,000 ಕೋಟಿ ರೂಪಾಯಿ. ಹೆಚ್ಚು ಬಡ್ಡಿಯ ಆಸೆಯಿಂದ ಕೆಳದರ್ಜೆಯ ಕಂಪೆನಿಗಳ ಪತ್ರಗಳನ್ನು ತುಂಬಿಕೊಂಡಿದ್ದರು. ಕೊರೋನಾದ ಹೊತ್ತಿಗೆ ಎಲ್ಲರೂ ಹಣ ವಾಪಸು ಕೇಳತೊಡಗಿದಾಗ ಆ ಪತ್ರಗಳನ್ನು ಕೊಳ್ಳುವವರೇ ಇಲ್ಲವಾಯಿತು. ವ್ಯಾಜ್ಯ ಕರ್ನಾಟಕ ಹೈಕೋರ್ಟಿಗೆ ಬಂತು. ಹೂಡಿದವರ ಒಪ್ಪಿಗೆಯಿಲ್ಲದೆ ಮುಚ್ಚುವ ತೀರ್ಮಾನ ಜಾರಿಯಾಗದೆಂದು ಅದೇ ಅಕ್ಟೋಬರಿನಲ್ಲಿ ನ್ಯಾಯಾಲಯ ಹೇಳಿತು. ಹೂಡಿದವರಿಗೆ ಮೊದಲ ಕಂತು ಸಿಕ್ಕಿದ್ದು 2021ರ ಫೆಬ್ರವರಿಯಲ್ಲಿ. ಕೊನೆಗೆ ಒಟ್ಟಿನಲ್ಲಿ, ಮುಚ್ಚಿದ ದಿನದ ಮೌಲ್ಯಕ್ಕಿಂತ ಹೆಚ್ಚೇ ಹಿಂದಿರುಗಿತೆಂಬುದು ನಿಜ. ಆದರೆ ಲಾಕ್‌ಡೌನಿನ ನಡುವೆ ಹತ್ತು ತಿಂಗಳು ಅಂಗಡಿಯ ಬಾಡಿಗೆಯನ್ನೂ ಆಸ್ಪತ್ರೆಯ ಬಿಲ್ಲನ್ನೂ ಕಟ್ಟುವುದು ಯಾವುದರಿಂದ? ಇದಕ್ಕೆ ಏಜಂಟರು ಉತ್ತರ ಹೇಳಲಿ.

ಸರಕಾರಿ ಪತ್ರವಾದರೆ ಸಾಲ ಮುಳುಗುವ ಭಯ ಇಲ್ಲವೆನ್ನಬಹುದು, ಬೆಲೆ ಇಳಿಯುವ ಭಯ ಇದ್ದೇ ಇದೆ. ನೂರಕ್ಕೆ 7ರ ಬಡ್ಡಿಯ, ಹತ್ತು ವರ್ಷದ 1000 ರೂಪಾಯಿಯ ಪತ್ರ ನಮ್ಮಲ್ಲಿದೆಯೆನ್ನೋಣ. ಮಾರುಕಟ್ಟೆಯ ಬಡ್ಡಿ 8ಕ್ಕೆ ಏರಿದರೆ ಹಳೆಯ ಪತ್ರವನ್ನು ಪೂರ್ತಿ ಬೆಲೆಗೆ ಯಾರೂ ಕೊಳ್ಳರು. ಅದು ಸುಮಾರು 933 ರೂಪಾಯಿಗೆ ಇಳಿಯುತ್ತದೆ. ರಿಸರ್ವ್ ಬ್ಯಾಂಕು 2022ರ ಮೇ ತಿಂಗಳಿಂದ 2023ರ ಫೆಬ್ರವರಿಯೊಳಗೆ ತನ್ನ ದರವನ್ನು 4ರಿಂದ 6.5ಕ್ಕೆ ಏರಿಸಿದ್ದನ್ನು ಕಂಡಿದ್ದೇವೆ. ಬಡ್ಡಿ ಇಳಿದಾಗ ಬೆಲೆ ಏರುವುದೂ ಉಂಟು. ಅವಧಿ ಸಣ್ಣದಾದಷ್ಟೂ ಪೆಟ್ಟೂ ಸಣ್ಣದು.

ತೆರಿಗೆಯ ಅನುಕೂಲವೂ ಹೋಯಿತು. 2023ರ ಏಪ್ರಿಲ್ 1ರಿಂದೀಚೆಗೆ ಹಾಕಿದ ಹಣದ ಲಾಭವನ್ನು ಬ್ಯಾಂಕಿನ ಬಡ್ಡಿಯಂತೆಯೇ ಆದಾಯಕ್ಕೆ ಸೇರಿಸಿ ತೆರಿಗೆ ಹಾಕುತ್ತಾರೆ. ಬ್ಯಾಂಕಿನಲ್ಲಾದರೆ 5 ಲಕ್ಷದವರೆಗೆ ಠೇವಣಿಗೆ ವಿಮೆಯಿದೆ, ಸಹಕಾರಿ ಬ್ಯಾಂಕಿಗೂ ಇದೆ. ಫಂಡಿಗೆ ಇಲ್ಲ. ಹಳ್ಳಿಯ ಪ್ರಾಥಮಿಕ ಸಹಕಾರಿ ಸಂಘದ ಠೇವಣಿಗೂ ಈ ವಿಮೆ ಇಲ್ಲವೆಂಬುದನ್ನು, ಸಂಘ ನಮ್ಮದೇ ಆದರೂ, ಮುಚ್ಚಿಡಬಾರದು.

ಹಾಗೆಂದು ಬಾಂಡ್ ಫಂಡೇ ಬೇಡವೆಂದು ನಾವು ಹೇಳುವವರಲ್ಲ. ವರ್ಷದ ಖರ್ಚನ್ನು ಬ್ಯಾಂಕಿನಲ್ಲಿಟ್ಟು ಮಿಕ್ಕ ಹಣವುಳ್ಳವನು, ಸರಕಾರದ ಅಲ್ಪಾವಧಿಯ ಪತ್ರಗಳನ್ನೇ ಹಿಡಿದ ಫಂಡಿನಲ್ಲಿ ಒಂದು ಪಾಲು ಹಾಕಬಹುದು. ಮಳೆಗಾಲದಲ್ಲಿ ಅಡಿಕೆಗೆ ಮದ್ದು ಬಿಡಬೇಕಾದ ಹಣ, ಜೂನಿನಲ್ಲಿ ಕಟ್ಟಬೇಕಾದ ಮಕ್ಕಳ ಫೀಸು, ಅಂಗಡಿಗೆ ಸಾಮಾನು ತರುವ ದುಡ್ಡು ಅಲ್ಲಿಗೆ ಹೋಗಕೂಡದು. ಯಾವ ಕಂಪೆನಿಗೆ ಎಷ್ಟು ಸಾಲ ಕೊಟ್ಟಿದೆಯೆಂಬ ಪಟ್ಟಿಯನ್ನು ಪ್ರತಿಯೊಂದು ಫಂಡೂ ತಿಂಗಳಿಗೊಮ್ಮೆಯಾದರೂ ಪ್ರಕಟಿಸಲೇಬೇಕು. ಏಜಂಟರು ಮನೆಗೆ ಬಂದಾಗ ಚಹಾ ಕೊಟ್ಟು, ಆ ಪಟ್ಟಿಯನ್ನು ಒಂದೊಂದೇ ಹೆಸರಾಗಿ ಕನ್ನಡದಲ್ಲಿ ಓದಿ ಹೇಳಿರೆಂದು ಕೇಳಿ.