ಕನ್ನಡದಿಂದಲೇ ಫ್ರೆಂಚಿಗೆ



ಎಸ್.ಎಸ್.ಸಿ. ಪರೀಕ್ಷೆಯನ್ನು ಮುಗಿಸಿ ಕಾಲೇಜಿನ ಬಾಗಿಲಿಗೆ ಹೋಗುವ ನಮ್ಮ ಹುಡುಗ ಹುಡುಗಿಯರ ಮುಂದೆ ಭಾಷಾವಿಷಯಗಳ ಪಟ್ಟಿಯೊಂದು ಬರುತ್ತದೆ. ಅದರಲ್ಲಿ ಫ್ರೆಂಚಿನ ಹೆಸರನ್ನು ಕಂಡೊಡನೆ ಎರಡು ಬಗೆಯ ಮಾತುಗಳು ಕೇಳಿಬರುತ್ತವೆ. “ಅದು ಇಂಗ್ಲೀಷ್ ಮಾಧ್ಯಮದವರಿಗೆ ಸಲ್ಲುವ ಭಾಷೆ, ನಮಗೆ ದಕ್ಕುವುದಲ್ಲ” ಎಂಬುದು ಒಂದು. “ಅಂಕಗಳು ಸುಲಭವಾಗಿ ಬರುತ್ತವಂತೆ, ಹೇಗಾದರೂ ಉರುಹೊಡೆದು ಮುಗಿಸಿಬಿಡೋಣ” ಎಂಬುದು ಇನ್ನೊಂದು. ಮೊದಲನೆಯದು ಅಂಜಿಕೆಯ ಮಾತು, ಎರಡನೆಯದು ಅವಸರದ ಮಾತು. ಇವೆರಡೂ ಸರಿಯಲ್ಲವೆಂಬುದು ನನ್ನ ದೃಢವಾದ ಅಭಿಪ್ರಾಯ. ಕನ್ನಡದಲ್ಲಿ ಓದಿ ಬೆಳೆದವರು ಇಂಗ್ಲೀಷಿನ ಕಿಟಕಿಯಿಂದ ಇಣಿಕಿ ನೋಡದೆ, ಕನ್ನಡದ ಬಾಗಿಲಿನಿಂದಲೇ ನೇರವಾಗಿ ಫ್ರೆಂಚಿನೊಳಗೆ ಹೋಗಬಹುದು. ನಾನೂ ಕನ್ನಡ ಮಾಧ್ಯಮದಲ್ಲಿಯೇ ಹತ್ತನೆಯ ತರಗತಿಯನ್ನು ಮುಗಿಸಿ ಈ ಮುಂಬಯಿಗೆ ಬಂದವನು; ಸಾಯಂಕಾಲದ ತರಗತಿಗಳಲ್ಲಿ ಕುಳಿತು ಈ ಭಾಷೆಯನ್ನು ಕಲಿತವನು. ಆ ಅನುಭವದ ಬಲದಿಂದಲೇ ಈ ಕೆಲವು ಮಾತುಗಳನ್ನು ಬರೆಯುತ್ತಿದ್ದೇನೆ.

ನಮ್ಮ ಕೈಯಲ್ಲಿರುವ ಬಂಡವಾಳವನ್ನು ಮೊದಲು ಎಣಿಸೋಣ. ಫ್ರೆಂಚಿನ ತಕಾರ ದಕಾರಗಳು ನಮ್ಮ ‘ತ’, ‘ದ’ಗಳಂತೆ ನಾಲಗೆಯ ತುದಿ ಹಲ್ಲಿಗೆ ತಗಲಿ ಹುಟ್ಟುತ್ತವೆ. ಇಂಗ್ಲೀಷಿನ ರೂಢಿಯಿಂದ ‘ಟೇಬಲ್’ ಎನ್ನುವ ನಾಲಗೆಗೆ ಫ್ರೆಂಚಿನ ‘ತಾಬ್ಲ್’ ತೊಡಕಾಗಬಹುದು. ಕನ್ನಡದ ನಾಲಗೆಗೆ ಅದು ಸಹಜವಾದುದು. ಇಂಗ್ಲೀಷರು ಪಕಾರ ಕಕಾರಗಳನ್ನು ಪದದ ಮೊದಲಲ್ಲಿ ನುಡಿಯುವಾಗ ಉಸಿರನ್ನು ಹೊರದೂಡುತ್ತಾರೆ. ಫ್ರೆಂಚರು ನಮ್ಮಂತೆಯೇ ಅಲ್ಪಪ್ರಾಣವಾಗಿ ನುಡಿಯುತ್ತಾರೆ. ನಮ್ಮ ‘ಓ’ಕಾರದ ಹಾಗೆ ಅವರ ‘ಓ’ಕಾರವೂ ಮೊದಲಿನಿಂದ ಕೊನೆಯವರೆಗೆ ಒಂದೇ ಸ್ವರವಾಗಿರುತ್ತದೆ.

ವ್ಯಾಕರಣದಲ್ಲಿಯೂ ಇಂತಹ ಹೋಲಿಕೆಗಳುಂಟು. ನಾವು ಗೆಳೆಯನಿಗೆ ‘ನೀನು’, ಗುರುಹಿರಿಯರಿಗೆ ‘ನೀವು’ ಎನ್ನುತ್ತೇವೆ. ಫ್ರೆಂಚರೂ ಆಪ್ತರಿಗೆ ‘ತು’ ಎಂದೂ, ಗೌರವಿಸಬೇಕಾದ ಒಬ್ಬರಿಗೆ ಬಹುವಚನದ ‘ವೂ’ ಎಂದೂ ಹೇಳುತ್ತಾರೆ. ಇಂದಿನ ಇಂಗ್ಲೀಷಿನಲ್ಲಿ ಈ ಭೇದವೇ ಇಲ್ಲ. ನಿಮಗಾದರೋ ಅದನ್ನು ಯಾರೂ ವಿವರಿಸಬೇಕಾಗಿಲ್ಲ. ವಯಸ್ಸನ್ನು ಹೇಳುವ ರೀತಿಯನ್ನು ನೋಡಿರಿ. “ನನಗೆ ಹನ್ನೆರಡು ವರ್ಷ” ಎಂಬುದು ಕನ್ನಡ. “ಜೇ ದೂಜ್ ಆಂ” ಎಂಬುದು ಫ್ರೆಂಚ್. ನನ್ನಲ್ಲಿ ಹನ್ನೆರಡು ವರ್ಷಗಳಿವೆ ಎಂಬುದು ಅದರ ಶಬ್ದಾರ್ಥ. ಇಂಗ್ಲೀಷಿನಲ್ಲಿ ಯೋಚಿಸುವವನು ‘ನಾನು ಹನ್ನೆರಡು ಆಗಿದ್ದೇನೆ’ ಎಂಬಂತೆ ಫ್ರೆಂಚನ್ನು ಕಟ್ಟಿ ತಪ್ಪುಮಾಡುತ್ತಾನೆ. ಹಸಿವು, ಬಾಯಾರಿಕೆಗಳ ವಿಷಯದಲ್ಲಿಯೂ ಹೀಗೆಯೇ.

ಇಂಗ್ಲೀಷಿನಿಂದ ಯಾವ ಉಪಯೋಗವೂ ಇಲ್ಲವೆಂದು ನಾನು ಹೇಳುವುದಿಲ್ಲ. 1066ರಲ್ಲಿ ನಾರ್ಮಂಡಿಯ ವಿಲಿಯಂ ಇಂಗ್ಲೆಂಡನ್ನು ಗೆದ್ದ ತರುವಾಯ ಅಸಂಖ್ಯ ಫ್ರೆಂಚ್ ಶಬ್ದಗಳು ಇಂಗ್ಲೀಷನ್ನು ಸೇರಿದವು. ಅವುಗಳ ಪರಿಚಯ ಓದುವಾಗ ನೆರವಾಗುತ್ತದೆ. ಆದರೆ ಮುಖದ ಹೋಲಿಕೆಯನ್ನು ನಂಬಿ ಮೋಸಹೋಗುವುದೂ ಅಲ್ಲಿಯೇ. ‘ಲಿಬ್ರೇರಿ’ ಎಂದರೆ ಪುಸ್ತಕದ ಅಂಗಡಿ, ಗ್ರಂಥಾಲಯವಲ್ಲ. ‘ಮೊನೇ’ ಎಂದರೆ ಚಿಲ್ಲರೆ ನಾಣ್ಯ. ‘ಆತಾಂದ್ರ್’ ಎಂದರೆ ಹಾಜರಿರುವುದಲ್ಲ, ಕಾಯುವುದು. ಆದುದರಿಂದ ಶಬ್ದಗಳಿಗೆಂದು ಇಡುವ ಪುಸ್ತಕದಲ್ಲಿ ಫ್ರೆಂಚ್ ಮಾತಿನ ಎದುರಿಗೆ ಕನ್ನಡದ ಅರ್ಥವನ್ನೇ ಬರೆಯಿರಿ. ಪಠ್ಯಪುಸ್ತಕದಲ್ಲಿ ಇಂಗ್ಲೀಷ್ ಅರ್ಥವಿದ್ದರೆ ಅದನ್ನು ತಿಳಿದುಕೊಂಡು, ‘ಇದನ್ನು ನಮ್ಮ ಮನೆಯಲ್ಲಿ ಏನೆನ್ನುತ್ತಾರೆ?’ ಎಂದು ಕೇಳಿಕೊಳ್ಳಿರಿ. ಮನೆಯ ಮಾತಿನೊಡನೆ ಬೆಸೆದ ಶಬ್ದವು ಬೇಗ ಮರೆಯುವುದಿಲ್ಲ.

ಇನ್ನು ನಮಗೆ ಕಷ್ಟವಾಗತಕ್ಕ ಸ್ಥಳಗಳನ್ನು ನೋಡೋಣ. ಕನ್ನಡವನ್ನು ಬಹುಮಟ್ಟಿಗೆ ಬರೆದಂತೆ ಓದುತ್ತೇವೆ. ಆದುದರಿಂದ ಬರಹದ ಮೇಲೆ ನಮಗೆ ಅಪಾರವಾದ ನಂಬಿಕೆ. ಫ್ರೆಂಚಿನಲ್ಲಿ ಆ ನಂಬಿಕೆ ನಡೆಯುವುದಿಲ್ಲ. ನೀರು ಎಂಬುದಕ್ಕೆ ಮೂರು ಅಕ್ಷರಗಳನ್ನು ಬರೆದು ‘ಓ’ ಎಂದಷ್ಟೇ ನುಡಿಯುತ್ತಾರೆ. ಪದಗಳ ಕೊನೆಯ ವ್ಯಂಜನಗಳು ಅನೇಕ ಕಡೆ ಮೌನವಾಗಿರುತ್ತವೆ. ಇದಕ್ಕಾಗಿ ಮೊದಲು ಕಿವಿ, ಅನಂತರ ನಾಲಗೆ, ಆಮೇಲೆ ಕಣ್ಣು ಎಂಬ ಕ್ರಮವನ್ನು ಹಿಡಿಯಬೇಕು. ಪಾಠವನ್ನು ಪುಸ್ತಕ ಮುಚ್ಚಿ ಎರಡು ಮೂರು ಸಲ ಕೇಳಿ, ಕೇಳಿದಂತೆ ಗಟ್ಟಿಯಾಗಿ ನುಡಿದು, ಬಳಿಕ ಪುಸ್ತಕವನ್ನು ತೆರೆಯಿರಿ.

ಉಚ್ಚಾರಣೆಯನ್ನು ಕನ್ನಡ ಲಿಪಿಯಲ್ಲಿ ಗುರುತುಹಾಕಿಕೊಳ್ಳುವ ಅಭ್ಯಾಸ ಅನೇಕರಲ್ಲಿದೆ. ಮೊದಲ ಕೆಲವು ವಾರಗಳಿಗೆ ಅದು ಊರುಗೋಲಾಗಬಹುದು. ಈ ಲೇಖನದಲ್ಲಿ ನಾನೂ ಅದನ್ನೇ ಹಿಡಿದಿದ್ದೇನೆ. ಆದರೆ ಅದನ್ನೇ ನೆಚ್ಚಿ ಕುಳಿತರೆ ನಡಿಗೆ ಬಾರದು. ‘ನೀನು’ ಎಂಬ ಮಾತನ್ನೂ, ‘ಎಲ್ಲ’ ಎಂಬ ಮಾತನ್ನೂ ನಮ್ಮ ಲಿಪಿಯಲ್ಲಿ ಬರೆದರೆ ಎರಡೂ ‘ತು’ ಆಗಿಬಿಡುತ್ತವೆ. ಫ್ರೆಂಚರ ಕಿವಿಗೆ ಅವು ಬೇರೆ ಬೇರೆ. ‘ಊ’ ಎನ್ನುವಾಗಿನಂತೆ ತುಟಿಗಳನ್ನು ದುಂಡಗೆ ಮಾಡಿ, ಒಳಗೆ ನಾಲಗೆಯಿಂದ ‘ಈ’ ಎಂದರೆ ಆ ಮೊದಲನೆಯ ಸ್ವರವು ಬರುತ್ತದೆ. ಕನ್ನಡಿಯ ಮುಂದೆ ನಿಂತು ದಿನಕ್ಕೆ ಹತ್ತು ಸಲ ಮಾಡಿರಿ. ಮನೆಯವರು ನಕ್ಕರೆ ನಗಲಿ. ಅನುನಾಸಿಕ ಸ್ವರಗಳದೂ ಇದೇ ಕಥೆ. ‘ಕಂಬ’ ಎನ್ನುವಾಗ ನಮ್ಮ ಅನುಸ್ವಾರವು ಮಕಾರವಾಗಿ ತುಟಿಗಳನ್ನು ಮುಚ್ಚಿಸುತ್ತದೆ. ಫ್ರೆಂಚಿನಲ್ಲಿ ತುಟಿ ಮುಚ್ಚಕೂಡದು, ಸ್ವರವೇ ಮೂಗಿನಲ್ಲಿ ಮೊಳಗಬೇಕು. ನಮ್ಮ ನಗರದ ಬೀದಿಯ ಹಿಂದಿಯಲ್ಲಿ ‘ಹಾಂ’, ‘ಮೈಂ’ ಎನ್ನುತ್ತೀರಲ್ಲವೇ? ಹಾಗೆಯೇ ಇದೂ. ಊರಿನಲ್ಲಿರುವ ಕನ್ನಡ ಮಕ್ಕಳಿಗಿಂತ ನಿಮಗೆ ಇದರಲ್ಲಿ ಅನುಕೂಲ ಹೆಚ್ಚು.

ಲಿಂಗದ ವಿಷಯ ಎಲ್ಲಕ್ಕಿಂತ ಕಠಿನವಾದುದು. ಕನ್ನಡದಲ್ಲಿ ಲಿಂಗವು ಅರ್ಥವನ್ನು ಅನುಸರಿಸುತ್ತದೆ. ಫ್ರೆಂಚಿನಲ್ಲಿ ನಪುಂಸಕಲಿಂಗದ ನಾಮಪದಗಳೇ ಇಲ್ಲ. ಮೇಜು ಸ್ತ್ರೀಲಿಂಗ, ಪುಸ್ತಕ ಪುಲ್ಲಿಂಗ. ಹಿಂದಿಯ ‘ಕಿತಾಬ್’ ಸ್ತ್ರೀಲಿಂಗ, ಮರಾಠಿಯ ‘ಪುಸ್ತಕ’ ನಪುಂಸಕಲಿಂಗ. ಆದುದರಿಂದ ಆ ಭಾಷೆಗಳ ರೂಢಿಯೂ ಇಲ್ಲಿ ನೆರವಿಗೆ ಬಾರದು. ಇದಕ್ಕೆ ಉಪಾಯ ಒಂದೇ. ಬರಿಯ ‘ತಾಬ್ಲ್’ ಎಂದು ಕಲಿಯದೆ ‘ಲಾ ತಾಬ್ಲ್’ ಎಂದೂ, ಬರಿಯ ‘ಲೀವ್ರ್’ ಎಂದು ಕಲಿಯದೆ ‘ಲ ಲೀವ್ರ್’ ಎಂದೂ ಜೋಡಿಯಾಗಿಯೇ ಬಾಯಿಪಾಠ ಮಾಡಬೇಕು.

ಕ್ರಿಯಾಪದಗಳನ್ನೂ ಒಂಟಿಯಾಗಿ ಕಲಿಯಬೇಡಿರಿ. ‘ಮಾತಾಡುತ್ತೇನೆ’ ಎಂದರೆ ಸಾಕು, ನಮ್ಮಲ್ಲಿ ಕರ್ತೃ ಯಾರೆಂಬುದು ತಿಳಿಯುತ್ತದೆ. ಫ್ರೆಂಚಿನಲ್ಲಿ ನಾನು, ನೀನು, ಅವನು, ಅವರು ಎಂಬ ನಾಲ್ಕಕ್ಕೂ ಕೇಳಿಸುವುದು ‘ಪಾರ್ಲ್’ ಎಂಬ ಒಂದೇ ಧ್ವನಿ. ಬರಹದಲ್ಲಿ ಮಾತ್ರ ಅದಕ್ಕೆ ಮೂರು ರೂಪಗಳು. ಹೀಗಾಗಿ ಸರ್ವನಾಮವನ್ನು ಬಿಡುವಂತಿಲ್ಲ. ಇರುವುದು, ಹೊಂದಿರುವುದು, ಹೋಗುವುದು, ಮಾಡುವುದು ಎಂಬ ನಾಲ್ಕು ಕ್ರಿಯಾಪದಗಳು ಮೊದಲು ಸ್ವಾಧೀನವಾಗಲಿ. ದಿನಬಳಕೆಯ ಮಾತಿನ ಬಹುಪಾಲು ಅವುಗಳ ಮೇಲೆಯೇ ನಿಂತಿದೆ.

ಈ ಧ್ವನಿಗೂ ಬರಹಕ್ಕೂ ಇರುವ ಅಂತರವನ್ನು ದಾಟಲು ನಮ್ಮ ಶಾಲೆಗಳ ಹಳೆಯ ಉಕ್ತಲೇಖನಕ್ಕೆ ಸಮನಾದ ಸಾಧನ ಮತ್ತೊಂದಿಲ್ಲ. ಫ್ರಾನ್ಸಿನ ಶಾಲೆಗಳಲ್ಲಿಯೂ ಮಕ್ಕಳಿಗೆ ಉಕ್ತಲೇಖನವನ್ನು ಕೊಡುವ ಪದ್ಧತಿಯುಂಟು. ಐದು ವಾಕ್ಯಗಳನ್ನು ಕೇಳಿ ಬರೆದು, ಮೂಲದೊಡನೆ ಹೋಲಿಸಿ, ತಪ್ಪಿದ ಮಾತನ್ನು ಮೂರು ಸಲ ತಿದ್ದಿ ಬರೆಯಿರಿ. ಕೇಳುವುದಕ್ಕೆ ಸಾಧನವಿಲ್ಲವೆನ್ನುವಂತಿಲ್ಲ. ಆರ್.ಎಫ್.ಐ. ಎಂಬ ಫ್ರೆಂಚ್ ಬಾನುಲಿಯು ಕಲಿಯುವವರಿಗಾಗಿಯೇ ಸರಳ ಫ್ರೆಂಚಿನಲ್ಲಿ ಹತ್ತು ನಿಮಿಷಗಳ ವಾರ್ತೆಯನ್ನು ಒದಗಿಸುತ್ತದೆ. ಮನೆಯ ಮೊಬೈಲಿನಲ್ಲಿ ಅದು ಉಚಿತವಾಗಿ ದೊರೆಯುತ್ತದೆ. ಮೊದಲ ತಿಂಗಳು ಏನೂ ತಿಳಿಯದಿದ್ದರೂ ಚಿಂತೆಯಿಲ್ಲ. ಭಾನುವಾರ ನಾಲ್ಕು ಗಂಟೆ ಕುಳಿತು ಉಳಿದ ದಿನ ಮರೆಯುವುದಕ್ಕಿಂತ ದಿನಕ್ಕೆ ಅರ್ಧ ಗಂಟೆ ಮೇಲು. ಹಾಡುತ್ತಾ ಹಾಡುತ್ತಾ ರಾಗವೆಂದು ಹಿರಿಯರು ಹೇಳಿರುವುದು ಭಾಷೆಗೂ ಸಲ್ಲುತ್ತದೆ.

ಅಂಕಗಳಿಗಾಗಿ ಉರುಹೊಡೆಯುವವರಿಗೆ ಒಂದು ಮಾತು. ಫ್ರೆಂಚ್ ಸರಕಾರದ ‘ಡೆಲ್ಫ್’ ಎಂಬ ಪರೀಕ್ಷೆ 1985ರಿಂದ ನಡೆದುಬಂದಿದೆ. ನಮ್ಮ ನಗರಗಳ ಅಲಿಯಾನ್ಸ್ ಫ್ರಾನ್ಸೇಜ್ ಕೇಂದ್ರಗಳಲ್ಲಿ ಅದನ್ನು ಬರೆಯಬಹುದು. ಅದರಲ್ಲಿ ಕೇಳುವುದು, ಓದುವುದು, ಬರೆಯುವುದು, ಮಾತಾಡುವುದು ಎಂದು ನಾಲ್ಕು ಭಾಗಗಳು. ಒಂದೊಂದಕ್ಕೂ 25 ಅಂಕಗಳು. ಒಟ್ಟು 100ಕ್ಕೆ 50 ಬಂದರೆ ತೇರ್ಗಡೆ. ಆದರೆ ಯಾವುದೇ ಭಾಗದಲ್ಲಿ 5ಕ್ಕಿಂತ ಕಡಿಮೆ ಬಂದರೆ ಉಳಿದುದೆಲ್ಲ ವ್ಯರ್ಥ. ಅರ್ಧ ಅಂಕಗಳು ಕಿವಿ ನಾಲಗೆಗಳಿಗೇ ಮೀಸಲು. ಗೈಡುಗಳ ಉತ್ತರವನ್ನು ನೆಚ್ಚಿದವನು ಅಲ್ಲಿ ಏನು ಮಾಡಿಯಾನು?

ಕೊನೆಯದಾಗಿ, ನನ್ನ ಮನಸ್ಸಿನಲ್ಲಿ ಎಲ್ಲಕ್ಕಿಂತ ಮೇಲಾಗಿರುವ ಸಂಗತಿ. ಫ್ರೆಂಚ್ ಬಂತೆಂದು ಕನ್ನಡವನ್ನು ಕಳೆದುಕೊಳ್ಳುವವರನ್ನು ನೋಡುತ್ತಿದ್ದೇವೆ. ಒಂದು ಭಾಷೆಯನ್ನು ಕೊಟ್ಟು ಇನ್ನೊಂದನ್ನು ಕೊಳ್ಳುವುದು ನಷ್ಟದ ವ್ಯಾಪಾರ. ‘ಕಾಂತಾಪುರ’ ಕಾದಂಬರಿಯ ಕರ್ತೃ ರಾಜಾರಾಯರು 1908ರಲ್ಲಿ ಹಾಸನದಲ್ಲಿ ಹುಟ್ಟಿ, ನಿಮ್ಮಂತೆಯೇ ಹೊರನಾಡಾದ ಹೈದರಾಬಾದಿನಲ್ಲಿ ಓದಿ, 1929ರಲ್ಲಿ ಫ್ರಾನ್ಸಿನ ಮೊಂಪೆಲ್ಯೇ ವಿಶ್ವವಿದ್ಯಾಲಯಕ್ಕೆ ಹೋದರು. ಫ್ರೆಂಚರ ನಡುವೆ ಬಾಳುತ್ತಿದ್ದ ಆ ವರ್ಷಗಳಲ್ಲಿಯೇ ಅವರು ‘ಜಯ ಕರ್ನಾಟಕ’ ಪತ್ರಿಕೆಗೆ ಕನ್ನಡದಲ್ಲಿ ಲೇಖನಗಳನ್ನು ಬರೆದರು. ಕಾಲೇಜಿನ ಪಟ್ಟಿಯಲ್ಲಿ ಕನ್ನಡವಿಲ್ಲದಿದ್ದರೆ ಫ್ರೆಂಚನ್ನು ಧೈರ್ಯವಾಗಿ ಆರಿಸಿಕೊಳ್ಳಿರಿ. ಆದರೆ ದಿನಕ್ಕೆ ಒಂದು ಪುಟ ಕನ್ನಡವನ್ನು ಓದುವುದನ್ನು ಬಿಡಬೇಡಿರಿ. ರಾತ್ರಿ ಮಲಗುವ ಮುನ್ನ ಆ ದಿನದ ಸಂಗತಿಯನ್ನು ಐದು ವಾಕ್ಯಗಳಲ್ಲಿ ಫ್ರೆಂಚಿನಲ್ಲಿ ಬರೆಯಿರಿ. ಅದರ ಕೆಳಗೆ ಅದನ್ನೇ ಕನ್ನಡದಲ್ಲಿ ಬರೆಯಿರಿ. ಎರಡೂ ನಿಮ್ಮವಾಗುತ್ತವೆ.