ನಕಲು ಉಳಿಸಿದ ಮುಖ

ಸ್ಪೇನಿನ ರಾಣಿ ಇಸಬೆಲ್ ದೆ ವಲೊಯಿಸ್ ತೀರಿಕೊಂಡದ್ದು 1568ರಲ್ಲಿ. ಮ್ಯಾಡ್ರಿಡ್‌ನ ಪ್ರಾಡೊ ಸಂಗ್ರಹಾಲಯದಲ್ಲಿ ಅವಳದೊಂದು ಚಿತ್ರವಿದೆ. ಅದನ್ನು ಬರೆದವನು ಪಾಂತೋಹಾ ದೆ ಲಾ ಕ್ರೂಸ್, 1605ರ ಸುಮಾರಿಗೆ. ರಾಣಿ ಸತ್ತಾಗ ಅವನಿನ್ನೂ ಹದಿನೈದರ ಹುಡುಗ. ಅವನು ಬರೆದದ್ದು ಅವಳನ್ನು ನೋಡಿಯಲ್ಲ, ಸೊಫೊನಿಸ್ಬಾ ಅಂಗ್ವಿಸೋಲಾ ಬರೆದಿದ್ದ ಚಿತ್ರವನ್ನು ಅನುಸರಿಸಿ. ಸೊಫೊನಿಸ್ಬಾ ಇಟಲಿಯಿಂದ ಸ್ಪೇನಿನ ಅರಮನೆಗೆ ಬಂದವಳು, ರಾಣಿಯ ಸಖಿ, ಆಕೆಗೆ ಚಿತ್ರಕಲೆ ಹೇಳಿಕೊಟ್ಟವಳು. ಅವಳು ಬರೆದ ಮೂಲಚಿತ್ರ 1604ರ ಮಾರ್ಚ್‌ನಲ್ಲಿ ಎಲ್ ಪಾರ್ದೊ ಅರಮನೆಗೆ ಬೆಂಕಿ ಬಿದ್ದಾಗ ಸುಟ್ಟುಹೋಯಿತು. ಟಿಷಿಯನ್, ಆಂಟೊನಿಸ್ ಮೋರ್‌ರಂಥವರ ಕೈಯ ಚಿತ್ರಗಳೂ ಅದೇ ಬೆಂಕಿಗೆ ಹೋದವು. ಆಗಿನ ದೊರೆ ಮೂರನೆಯ ಫಿಲಿಪ್ ಆ ರಾಜಮುಖಗಳನ್ನು ಮತ್ತೆ ಬರೆಯುವ ಕೆಲಸವನ್ನು ಪಾಂತೋಹಾನಿಗೆ ಒಪ್ಪಿಸಿದ. ಸುಟ್ಟುಹೋದ ಆ ಚಿತ್ರದಲ್ಲಿ ಸೊಫೊನಿಸ್ಬಾ ತನ್ನ ರಾಣಿಯನ್ನು ಹೇಗೆ ತೋರಿಸಿದ್ದಳೆಂದು ತಿಳಿಯಬೇಕಾದರೆ ಇವತ್ತು ನಾವು ಇಂಥ ನಕಲಿನ ಮುಂದೆಯೇ ನಿಲ್ಲಬೇಕು.

ಈ ಸಂಗತಿ ಸೊಲ್ಲಾಪುರ, ಅಕ್ಕಲಕೋಟೆಯ ಓದುಗರಿಗೆ ದೂರದ್ದಲ್ಲ. ಇಸಬೆಲ್‌ಳ ಗಂಡ ಎರಡನೆಯ ಫಿಲಿಪ್ 1580ರಲ್ಲಿ ಪೋರ್ಚುಗಲ್ಲನ್ನು ತನ್ನದಾಗಿಸಿಕೊಂಡ; ಅದರ ಜೊತೆಗೆ ಗೋವೆಯೂ ಅವನ ಪಾಲಾಯಿತು. ಸ್ಪೇನಿನ ದೊರೆ ಹೀಗೆ ವಿಜಾಪುರದ ಆದಿಲಶಾಹಿಗೆ ನೆರೆಯವನಾದ. ಅದೇ 1580ರಲ್ಲಿ ವಿಜಾಪುರದ ಅಲಿ ಆದಿಲಶಹ ಕೊಲೆಯಾದ. ಒಂಬತ್ತು ವರ್ಷದ ಇಬ್ರಾಹಿಂ ಗಾದಿಗೆ ಬಂದಾಗ ಅವನನ್ನು ಕಾದು ರಾಜ್ಯ ನಡೆಸಿದವಳು ಅಲಿಯ ರಾಣಿ ಚಾಂದಬೀಬಿ. ನಮ್ಮ ಸೊಲ್ಲಾಪುರದ ಕೋಟೆ ಅಹ್ಮದನಗರದಿಂದ ವಿಜಾಪುರಕ್ಕೆ ಬಂದದ್ದು ಅವಳ ಬಳುವಳಿಯಾಗಿ.

ಚಾಂದಬೀಬಿಯ ಮುಖ ಎಲ್ಲಿದೆ? ಕುದುರೆಯ ಮೇಲೆ ಕೂತು, ಕೈಮೇಲೆ ಡೇಗೆ ಹಿಡಿದು ಬೇಟೆಗೆ ಹೊರಟ ಚಿತ್ರ ಹಲವರಿಗೆ ಪರಿಚಿತ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಸಂಗ್ರಹಾಲಯದಲ್ಲಿರುವ ಅಂಥದೊಂದು ಚಿತ್ರ 1700ರ ಸುಮಾರಿನದು. ಅಷ್ಟು ಹೊತ್ತಿಗೆ ಅವಳು ಅಹ್ಮದನಗರದಲ್ಲಿ ತನ್ನವರ ಕೈಯಲ್ಲೇ ಹತಳಾಗಿ ನೂರು ವರ್ಷ ಕಳೆದಿತ್ತು. ಇದು ಚಾಂದಬೀಬಿಯ ಮೂಗು, ಇದು ಅವಳ ಹುಬ್ಬು ಎಂದು ಈ ಚಿತ್ರವನ್ನು ನಂಬಿ ಹೇಳಲಾಗದು. ಆದರೂ ನೂರು ವರ್ಷದ ಮೇಲೆ ದಖ್ಖನಿನ ಕಲಾವಿದರು ಅವಳನ್ನು ಪರದೆಯ ಹಿಂದೆ ಕೂರಿಸಲಿಲ್ಲ, ಕುದುರೆ ಹತ್ತಿಸಿದರು. ಒಬ್ಬರಿಂದ ಒಬ್ಬರು ಅದನ್ನೇ ನೋಡಿ ಬರೆದರು. ಅವಳ ರೂಪ ಕಳೆದಿರಬಹುದು, ಅವಳ ಮೇಲೆ ಜನಕ್ಕಿದ್ದ ಅಭಿಮಾನ ಕಳೆಯದೆ ಈ ಪ್ರತಿಗಳಲ್ಲಿ ನಿಂತಿದೆ. ಪಾಂತೋಹಾನ ನಕಲಿನಿಂದ ನಾವು ಕೇಳುವುದೇ ಬೇರೆ, ಇವುಗಳಿಂದ ಕೇಳಬೇಕಾದದ್ದೇ ಬೇರೆ. ಎರಡನ್ನೂ 'ಅಸಲಿ ಅಲ್ಲ' ಎಂಬ ಒಂದೇ ಮಾತಿನಲ್ಲಿ ಮೂಲೆಗೆ ಸರಿಸುವುದು ನನಗೆ ಒಪ್ಪಿಗೆಯಿಲ್ಲ.

ಚಿತ್ರಕಾರರೂ ಆ ಕಾಲದಲ್ಲಿ ಸಮುದ್ರ ದಾಟಿ ಬರುತ್ತಿದ್ದರು. ಹಾರ್ಲೆಮ್ ಊರಿನ ಕೊರ್ನೆಲಿಸ್ ಹೇದಾ, ಪ್ರಾಗ್‌ನಲ್ಲಿ ಎರಡನೆಯ ರುಡಾಲ್ಫನ ಆಶ್ರಯದಲ್ಲಿದ್ದವನು, ಮುಂದೆ ಇಬ್ರಾಹಿಂ ಆದಿಲಶಹನ ಚಿತ್ರಕಾರನಾದ. ಆ ರುಡಾಲ್ಫ್ ಹುಡುಗನಾಗಿದ್ದಾಗ ಬೆಳೆದದ್ದು ಸ್ಪೇನಿನಲ್ಲಿ, ಸೋದರಮಾವ ಎರಡನೆಯ ಫಿಲಿಪನ ಆಸ್ಥಾನದಲ್ಲಿ. ವಿಜಾಪುರದ ಹತ್ತಿರ ಕುಮಟಗಿಯ ಜಲಮಂಟಪದ ಗೋಡೆಗಳ ಮೇಲೆ ಫಿರಂಗಿ ಉಡುಪಿನವರ ಚಿತ್ರಗಳೂ ಇವೆ. ಬಣ್ಣ ಉದುರಿ, ಗೀಚಿ, ಬಹಳಷ್ಟು ಹೋಗಿದೆ. ಆ ಗೋಡೆ ನೋಡಿದವರಿಗೆ ಒಂದು ಒಳ್ಳೆಯ ಪ್ರತಿಯ ಬೆಲೆ ಬೇರೆಯವರು ಹೇಳಬೇಕಾಗಿಲ್ಲ.

ಹಾಳು ಮಾಡುವುದು ಬೆಂಕಿ, ಮಳೆ ಮಾತ್ರವಲ್ಲ. ಹಳೇ ಗೋವೆಯ ಪುರಾತತ್ತ್ವ ಸಂಗ್ರಹಾಲಯದಲ್ಲಿ ಪೋರ್ಚುಗೀಸ್ ವೈಸರಾಯರ ಚಿತ್ರಗಳ ಸಾಲಿದೆ. 1547ರಲ್ಲಿ ಜೊವಾವ್ ದೆ ಕಾಸ್ತ್ರೊ ಬರೆಸಲು ಶುರುಮಾಡಿದ್ದು. ಗೋವೆಯ ಹವೆಗೆ ಬಣ್ಣ ಮಾಸಿದಾಗಲೆಲ್ಲ ಆಯಾ ಕಾಲದವರು ಅದೇ ಹಲಗೆಗಳ ಮೇಲೆ ಹೊಸ ಬಣ್ಣ ಬಳಿದರು. ಅಂದ ಮಾಡಬೇಕೆಂಬ ಒಳ್ಳೆಯ ಮನಸ್ಸಿನಿಂದಲೇ ಮಾಡಿದ ಕೆಲಸ ಅದು. ಪಾಂತೋಹಾ ಬೇರೆ ಬಟ್ಟೆಯ ಮೇಲೆ ಬರೆದು ಮುಖ ಉಳಿಸಿದ. ಇಲ್ಲಿ ಹಳೆಯದರ ಮೇಲೆಯೇ ಬರೆದು ಮುಖ ಮುಚ್ಚಿದರು.

ನಮ್ಮ ಮನೆಗಳಲ್ಲಿ ಇವತ್ತು ಆಗುತ್ತಿರುವುದು ಈ ಎರಡನೆಯದು, ಇಲ್ಲವೆ ಅದಕ್ಕಿಂತ ಕೆಟ್ಟದ್ದು. ಅಕ್ಕಲಕೋಟೆ ಭೋಸಲೆ ಅರಸರ ಸಂಸ್ಥಾನವಾಗಿದ್ದ ಊರು. ಅರಸು ಮನೆತನದವರ ಚಿತ್ರ ನೋಡಿ ಬೆಳೆದ ಊರು. 1878ರಲ್ಲಿ ಸಮಾಧಿಯಾದ ಸ್ವಾಮಿ ಸಮರ್ಥರ ಚಿತ್ರವಿಲ್ಲದ ಮನೆ ಇಲ್ಲಿ ಹುಡುಕಿದರೂ ಸಿಗದು. ಅವುಗಳಲ್ಲಿ ಅಚ್ಚಿನವೇ ಹೆಚ್ಚು, ಆದರೆ ಹಳೆಯ ವಾಡೆಗಳ ಪಡಸಾಲೆಯಲ್ಲಿ ಕೈಯಿಂದ ಬರೆದವೂ ಉಂಟು. ಮನೆ ಪಾಲಾಗುವಾಗ, ವಾಡೆ ಕೆಡವಿ ಅಪಾರ್ಟ್‌ಮೆಂಟ್ ಏಳುವಾಗ, 'ಇದೇನು ಮೂಲಚಿತ್ರವೇ, ಯಾವುದನ್ನೋ ನೋಡಿ ಬರೆದದ್ದು' ಎಂದು ಅವು ಗುಜರಿಗೆ ಹೋಗುತ್ತವೆ. ಇಲ್ಲವೆ ಪೇಂಟರ್ ಕೈಗೆ ಹೋಗಿ ಕೆನ್ನೆ ಕೆಂಪಾಗಿ, ಪೇಟ ಹೊಳೆಯುತ್ತ ವಾಪಸು ಬರುತ್ತವೆ. ಯಾವುದನ್ನು ನೋಡಿ ಬರೆದರೋ ಆ ಚಿತ್ರ ಇನ್ನೂ ಇದೆಯೇ ಎಂದು ಯಾರೂ ಕೇಳುವುದಿಲ್ಲ. ಅದು ಇಲ್ಲದಿದ್ದರೆ ಗುಜರಿಗೆ ಹೋದದ್ದೇ ಕೊನೆಯ ಸಾಕ್ಷಿ.

ಓದುಗರಲ್ಲಿ ನನ್ನ ಬೇಡಿಕೆ ಇಷ್ಟು. ಮನೆಯಲ್ಲಿ ಕೈಯಿಂದ ಬರೆದ ಹಳೆಯ ಚಿತ್ರವಿದ್ದರೆ, ಯಾರದೇ ಇರಲಿ, ಒದ್ದೆ ಬಟ್ಟೆಯಿಂದ ಒರೆಸಬೇಡಿ, ಎಣ್ಣೆ ಹಚ್ಚಬೇಡಿ, ಹೊಸ ವಾರ್ನಿಷ್ ಹೊಡೆಸಬೇಡಿ. ತಂಪು ಹಿಡಿಯುವ ಗೋಡೆಯಿಂದ ತೆಗೆದು ಒಣ ಗೋಡೆಗೆ, ಬಿಸಿಲು ಬೀಳದ ಕಡೆ ಹಾಕಿ. ಹೊಸ ಕಟ್ಟು ಹಾಕಿಸುವಾಗ ಅಂಚು ಕತ್ತರಿಸಲು ಬಿಡಬೇಡಿ; ಬರೆದವನ ಸಹಿ, ಇಸವಿ ಹೆಚ್ಚಾಗಿ ಅಲ್ಲೇ ಇರುತ್ತದೆ. ಮೊಬೈಲಿನಲ್ಲಿ ಮುಂಬದಿಯ ಫೋಟೊ ತೆಗೆದ ಹಾಗೆಯೇ ಹಿಂಬದಿಯದನ್ನೂ ತೆಗೆದಿಡಿ. ಮನೆಯ ಹಿರಿಯರನ್ನು ಕೂರಿಸಿಕೊಂಡು ಅದು ಯಾರದು, ಯಾರು ಬರೆಸಿದ್ದು, ಎಲ್ಲಿಂದ ಬಂತು ಎಂದು ಕೇಳಿ ಬರೆದುಕೊಳ್ಳಿ. ಹಿಂಬದಿಯ ಬರಹ ಮೋಡಿ ಲಿಪಿಯಲ್ಲಿದ್ದು ಓದಲು ಬಾರದಿದ್ದರೆ ಹಿಂದೆ ಅಂಟಿಸಿದ ಹಾಳೆ ಕೀಳಿಸಬೇಡಿ, ಆ ಫೋಟೊ ಪತ್ರಿಕೆಗೆ ಕಳಿಸಿಕೊಡಿ. ಮೋಡಿ ಬಲ್ಲವರಿಂದ ಓದಿಸುವ ಹೊಣೆ ನಮ್ಮದು.