ಮನೆಯವನ ವೇಷದಲ್ಲಿ ಮದ್ದು

ಅರ್ಬುದ ರೋಗದ ಉಗ್ರ ಮದ್ದುಗಳು ರೋಗದ ಗಂಟನ್ನಷ್ಟೇ ಸುಡುವುದಿಲ್ಲ; ತಲೆಗೂದಲನ್ನೂ ಕರುಳಿನ ಒಳಪೊರೆಯನ್ನೂ ಬಾಧಿಸುತ್ತವೆ. ಮದ್ದನ್ನು ಅತಿಸೂಕ್ಷ್ಮ ಕಣಗಳಲ್ಲಿ ಅಡಗಿಸಿ ಕಳುಹಿಸೋಣವೆಂದರೆ, ಶರೀರದ ಕಾವಲು ಜೀವಕೋಶಗಳು ಅವನ್ನು ಪರಕೀಯವೆಂದು ಬಗೆದು ನುಂಗಿಬಿಡುತ್ತವೆ. ನಮ್ಮ ಕೆಂಪು ರಕ್ತಕಣವಾದರೋ ಸುಮಾರು 120 ದಿನ ನಿರಾತಂಕವಾಗಿ ಸಂಚರಿಸುತ್ತದೆ. ಅದರ ಪೊರೆಯ ಮೇಲಿರುವ ಸಿಡಿ47 ಎಂಬ ಪ್ರೋಟೀನು ‘ನಾನು ಮನೆಯವನು’ ಎಂದು ಸಾರುವ ಮುದ್ರೆ.

2011ರಲ್ಲಿ ಅಮೆರಿಕದ ಸ್ಯಾನ್ ಡಿಯಾಗೋದಲ್ಲಿ ಲಿಯಾಂಗ್‌ಫಾಂಗ್ ಜಾಂಗ್ ಮತ್ತು ಸಂಗಡಿಗರು ಆ ಪೊರೆಯನ್ನೇ ಬಿಡಿಸಿ ಕೃತಕ ಕಣಗಳಿಗೆ ಹೊದಿಸಿದರು. ಇಲಿಗಳ ರಕ್ತದಲ್ಲಿ ಎರಡು ದಿನ ಕಳೆದರೂ ಅವು ಸುತ್ತುತ್ತಲೇ ಇದ್ದವು!

ವೇಷದಿಂದ ಕಾವಲೇನೋ ತಪ್ಪಿತು. ಆದರೆ ಅವುಗಳಲ್ಲಿ ಬಹಳಷ್ಟು ಕಡೆಗೆ ಯಕೃತ್ತನ್ನು ಸೇರಿದವು. ರೋಗದ ಬಾಗಿಲನ್ನು ಮಾತ್ರ ತಟ್ಟುವ ವಿವೇಕವನ್ನು ಮದ್ದಿಗೆ ಕಲಿಸುವುದೇ ಇನ್ನು ಉಳಿದಿರುವ ವಿದ್ಯೆ.